ದೈತ್ಯ ಸಲಮ್ಯಾಂಡರ್: ಸಾಕಣೆಯೂ ಗುರುತೂ

1726ರಲ್ಲಿ ಸ್ವಿಟ್ಜರ್ಲೆಂಡಿನ ವಿದ್ವಾಂಸ ಷಾಯ್ಖ್‌ಜರ್ ಎಂಬಾತನು ಒಂದು ಪಳೆಯುಳಿಕೆಯನ್ನು ವರ್ಣಿಸಿ, ಇದು ಬೈಬಲ್ಲಿನ ಮಹಾಪ್ರಳಯದಲ್ಲಿ ಮುಳುಗಿ ಸತ್ತ ಮನುಷ್ಯನ ಅಸ್ಥಿಪಂಜರವೆಂದು ಸಾರಿದನು. 1811ರಲ್ಲಿ ಫ್ರಾನ್ಸಿನ ಕೂವ್ಯೆ ಅದೇ ಕಲ್ಲನ್ನು ಇನ್ನಷ್ಟು ಕೆತ್ತಿ, ಮುಂಗಾಲುಗಳನ್ನು ಹೊರಗೆಡಹಿ, ಅದು ಮನುಷ್ಯನದಲ್ಲ, ದೈತ್ಯ ಸಲಮ್ಯಾಂಡರಿನದೆಂದು ತೋರಿಸಿಕೊಟ್ಟನು. ಈ ಪ್ರಾಣಿಗಳ ಕುಲಕ್ಕೆ ಇಂದಿಗೂ ಇರುವ ಹೆಸರು ಆಂಡ್ರಿಯಾಸ್, ಎಂದರೆ ಮನುಷ್ಯಪ್ರತಿಮೆ. ಸತ್ತ ಪ್ರಾಣಿಯನ್ನು ಹೀಗೆ ತಪ್ಪಾಗಿ ಗುರುತಿಸಿದರೆ ಅದು ನಗೆಯ ಮಾತಾದೀತು. ಬದುಕಿರುವ ಪ್ರಾಣಿಯ ವಿಷಯದಲ್ಲಿ ಹಾಗಲ್ಲವೆಂಬುದನ್ನು ಈ ಲೇಖನದಲ್ಲಿ ನೋಡೋಣ.

ಸಲಮ್ಯಾಂಡರ್ ಕಪ್ಪೆಯ ಬಳಗಕ್ಕೆ ಸೇರಿದ ಉಭಯಚರ ಪ್ರಾಣಿ. ನೋಟಕ್ಕೆ ಹಲ್ಲಿಯಂತಿದ್ದರೂ ಮೈಮೇಲೆ ಹುರುಪೆಗಳಿಲ್ಲ. ಚರ್ಮ ಒದ್ದೆಯಾಗಿ ಲೋಳೆಯಿಂದ ಕೂಡಿರುತ್ತದೆ. ನಮ್ಮ ಕರ್ನಾಟಕದಲ್ಲಿ ಇದು ಇಲ್ಲ. ಚೀನಾ ಮತ್ತು ಜಪಾನ್ ದೇಶಗಳ ಬೆಟ್ಟದ ಹೊಳೆಗಳಲ್ಲಿರುವ ದೈತ್ಯ ಸಲಮ್ಯಾಂಡರುಗಳು ಜೀವಮಾನವನ್ನೆಲ್ಲ ನೀರಿನಲ್ಲಿಯೇ ಕಳೆಯುತ್ತವೆ. ಚೀನಾದವು ಆರು ಅಡಿಯವರೆಗೂ ಬೆಳೆದುದುಂಟು. ಈಗಿರುವ ಉಭಯಚರಗಳಲ್ಲೆಲ್ಲ ಇವೇ ಅತ್ಯಂತ ದೊಡ್ಡವು.

ಇವನ್ನು ಸಾಕುವವನಿಗೆ ಭೌತವಿಜ್ಞಾನದ ಒಂದು ನಿಯಮ ತಿಳಿದಿರಬೇಕು. ಬೆಳೆದ ಪ್ರಾಣಿಗೆ ಶ್ವಾಸಕೋಶವಿದ್ದರೂ ಅದರ ಉಸಿರಾಟ ಬಹುಮಟ್ಟಿಗೆ ಚರ್ಮದ ಮೂಲಕವೇ ನಡೆಯುತ್ತದೆ. ಪಕ್ಕೆಗಳ ಉದ್ದಕ್ಕೂ ಇರುವ ಚರ್ಮದ ಮಡಿಕೆಗಳು ನೀರಿಗೆ ತಾಗುವ ಮೈಯ ವಿಸ್ತಾರವನ್ನು ಹೆಚ್ಚಿಸುತ್ತವೆ. ಆದರೆ ನೀರು ಬೆಚ್ಚಗಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಮೆಯಾಗುತ್ತದೆ. 10 ಡಿಗ್ರಿ ಸೆಲ್ಸಿಯಸ್ಸಿನಲ್ಲಿ ಒಂದು ಲೀಟರ್ ಸಿಹಿನೀರು ಸುಮಾರು 11 ಮಿಲಿಗ್ರಾಂ ಆಮ್ಲಜನಕವನ್ನು ಹಿಡಿದಿಟ್ಟುಕೊಂಡರೆ, 30 ಡಿಗ್ರಿಯಲ್ಲಿ ಹಿಡಿಯುವುದು ಏಳೂವರೆ ಮಿಲಿಗ್ರಾಂ ಮಾತ್ರ. ಪ್ರಾಣಿಯ ದೇಹಕ್ಕಾದರೋ ಬೆಚ್ಚನೆಯ ನೀರಿನಲ್ಲಿ ಬೇಕಾಗುವ ಆಮ್ಲಜನಕ ಹೆಚ್ಚು. ಬೇಡಿಕೆ ಏರುವಾಗಲೇ ಪೂರೈಕೆ ಇಳಿಯುತ್ತದೆ. ಆದುದರಿಂದ ತೊಟ್ಟಿಯ ನೀರು ತಣ್ಣಗಿರಬೇಕು, ಹರಿಯುತ್ತಿರಬೇಕು, ಶುದ್ಧವಾಗಿರಬೇಕು. ರಾತ್ರಿ ಸಂಚರಿಸುವ ಪ್ರಾಣಿಯಾದ್ದರಿಂದ ಹಗಲಿನಲ್ಲಿ ಅಡಗಿಕೊಳ್ಳಲು ಕತ್ತಲೆಯ ಪೊಟರೆಯೂ ಬೇಕು.

ಇಷ್ಟನ್ನು ಒದಗಿಸಿದರೆ ಪ್ರಾಣಿ ದೀರ್ಘಕಾಲ ಬದುಕುತ್ತದೆ. ಸೀಬೋಲ್ಡ್ ಎಂಬ ವೈದ್ಯನು ಜಪಾನಿನಿಂದ ಯೂರೋಪಿಗೆ ತಂದ ಸಲಮ್ಯಾಂಡರ್ ಅರ್ಧ ಶತಮಾನ ಬಾಳಿ 1881ರಲ್ಲಿ ಆಮ್‌ಸ್ಟರ್‌ಡಾಮ್ ಮೃಗಾಲಯದಲ್ಲಿ ಸತ್ತಿತು. ತೊಡಕು ಇರುವುದೂ ಈ ದೀರ್ಘಾಯುಸ್ಸಿನಲ್ಲಿಯೇ. ಪ್ರಾಣಿಯನ್ನು ತಂದವರು, ಕೊಂಡವರು, ನೋಡಿಕೊಂಡವರು ಮರೆಯಾಗುತ್ತಾರೆ. ಅದು ಯಾವ ಹೊಳೆಯದೆಂಬ ಮಾತು ಮರೆತುಹೋಗುತ್ತದೆ. ಉಳಿಯುವುದು ತೊಟ್ಟಿಯ ಮೇಲಿನ ಹೆಸರುಪಟ್ಟಿ ಮಾತ್ರ.

ಆ ಪಟ್ಟಿಯನ್ನು ಎಷ್ಟರಮಟ್ಟಿಗೆ ನಂಬಬಹುದು? ಹಾಂಗ್‌ಕಾಂಗಿನಿಂದ ಬಂದು ಲಂಡನ್ ಮೃಗಾಲಯದಲ್ಲಿದ್ದ ಒಂದು ಸಲಮ್ಯಾಂಡರನ್ನು 1924ರಲ್ಲಿ ಬೂಲೆಂಜರ್ ಎಂಬ ಪ್ರಾಣಿಶಾಸ್ತ್ರಜ್ಞನು ಬೇರೆಯ ಪ್ರಭೇದವೆಂದು ವರ್ಣಿಸಿ ಸ್ಲೈಗೊಯಿ ಎಂಬ ಹೆಸರನ್ನಿತ್ತನು. ಇತರರು ಅದನ್ನು ಒಪ್ಪಲಿಲ್ಲ. ಚೀನಾದಲ್ಲಿರುವುದು ಒಂದೇ ಪ್ರಭೇದವೆಂಬ ಮಾತು ದಶಕಗಳ ಕಾಲ ನಿಂತಿತು. 2019ರಲ್ಲಿ ವಸ್ತುಸಂಗ್ರಹಾಲಯಗಳ ಹಳೆಯ ಮಾದರಿಗಳಿಂದ ಡಿ.ಎನ್.ಎ. ತೆಗೆದು ಪರೀಕ್ಷಿಸಿದಾಗ, ಬೂಲೆಂಜರನ ಪ್ರಾಣಿ ನಿಜವಾಗಿಯೂ ಬೇರೆಯೆಂದು ಖಚಿತವಾಯಿತು.

ನಮ್ಮ ಪ್ರಯೋಗಶಾಲೆಯಲ್ಲಿ ಇದಕ್ಕೆ ಸರಿಯಾದ ಹೋಲಿಕೆಯಿದೆ. ಸೋಡಿಯಂ ದೀಪದ ಹಳದಿ ಬೆಳಕನ್ನು ಸಾಧಾರಣ ರೋಹಿತದರ್ಶಕದಲ್ಲಿ ನೋಡಿದರೆ ಒಂದೇ ಗೆರೆ ಕಾಣುತ್ತದೆ. ಉತ್ತಮ ಉಪಕರಣದಲ್ಲಿ ನೋಡಿದರೆ ಅದು 589.0 ಮತ್ತು 589.6 ನ್ಯಾನೋಮೀಟರುಗಳ ಎರಡು ಗೆರೆಗಳು. ಗೆರೆಗಳು ಮೊದಲಿನಿಂದಲೂ ಎರಡೇ. ಬೇರ್ಪಡಿಸುವ ಶಕ್ತಿ ಮೊದಲಿನ ಉಪಕರಣಕ್ಕೆ ಇರಲಿಲ್ಲ. ಮೈಬಣ್ಣವನ್ನೂ ತಲೆಯ ಮೇಲಿನ ಗಂಟುಗಳನ್ನೂ ನೋಡಿ ಗುರುತಿಸುವ ಕಣ್ಣು ಸಾಧಾರಣ ಉಪಕರಣ; ಡಿ.ಎನ್.ಎ. ಪರೀಕ್ಷೆ ಅದಕ್ಕಿಂತ ಸೂಕ್ಷ್ಮವಾದುದು.

ಆದರೂ ಸೂಕ್ಷ್ಮ ಉಪಕರಣಕ್ಕೂ ಮಿತಿಯುಂಟು. 1970ರ ದಶಕದಲ್ಲಿ ಆಹಾರಕ್ಕೆಂದು ಜಪಾನಿಗೆ ತಂದ ಚೀನೀ ಸಲಮ್ಯಾಂಡರುಗಳು ಹೇಗೋ ಕ್ಯೋಟೋ ನಗರದ ಕಾಮೊ ನದಿಯನ್ನು ಸೇರಿ ಅಲ್ಲಿನ ಪ್ರಭೇದದೊಡನೆ ಬೆರೆತವು. ಈಗ ಆ ನದಿಯಲ್ಲಿ ಮಿಶ್ರತಳಿಗಳದೇ ಪ್ರಾಬಲ್ಯ. ಮೈಟೊಕಾಂಡ್ರಿಯದ ಡಿ.ಎನ್.ಎ. ತಾಯಿಯಿಂದ ಮಾತ್ರ ಬರುತ್ತದೆ. ಅದೊಂದನ್ನೇ ನೋಡಿದರೆ ಮಿಶ್ರತಳಿಯೂ ತಾಯಿಯ ಶುದ್ಧ ತಳಿಯೆಂದೇ ತೋರುತ್ತದೆ. ತಂದೆಯ ಪಾಲನ್ನು ಅರಿಯಬೇಕಾದರೆ ಕೋಶಕೇಂದ್ರದ ಡಿ.ಎನ್.ಎ.ಯನ್ನೂ ನೋಡಲೇಬೇಕು.

ಹೀಗೆ ಎರಡು ವಿಧವಾಗಿಯೂ ಪರೀಕ್ಷಿಸಿದ ಜಪಾನಿನ ಸಂಶೋಧಕರು 2024ರಲ್ಲಿ ಆಶ್ಚರ್ಯಕರವಾದ ಸಂಗತಿಯನ್ನು ಪ್ರಕಟಿಸಿದರು. ಚೀನೀ ಸಲಮ್ಯಾಂಡರುಗಳೆಂದು ಬಗೆದಿದ್ದವುಗಳ ನಡುವೆ ಸ್ಲೈಗೊಯಿ ಪ್ರಭೇದದ ಪ್ರಾಣಿಗಳೂ ಇದ್ದವು! ಅವುಗಳಲ್ಲಿ ಎರಡು ಆಗ ಬದುಕಿದ್ದವು: ಒಂದು ಟೋಕಿಯೋ ನಗರದ ಜಲಚರಾಲಯದಲ್ಲಿ, ಇನ್ನೊಂದು ಹಿರೋಷಿಮಾದ ಮೃಗಾಲಯದಲ್ಲಿ. ತವರಿನಲ್ಲಿ ಅಳಿದೇಹೋಯಿತೇನೋ ಎಂಬ ಸಂಶಯಕ್ಕೆ ಒಳಗಾಗಿದ್ದ ಪ್ರಾಣಿ ಪರದೇಶದ ತೊಟ್ಟಿಯಲ್ಲಿ ಬೇರೆಯ ಹೆಸರಿನಿಂದ ಬದುಕಿತ್ತು. ಆದರೆ ಎರಡೂ ಗಂಡು. ಗುರುತು ಮೊದಲೇ ತಿಳಿದಿದ್ದರೆ ಜೊತೆಯನ್ನು ಅರಸುವ ಪ್ರಯತ್ನವಾದರೂ ನಡೆಯುತ್ತಿತ್ತು.

ಚೀನಾದ ಸಾಕಣೆಕೇಂದ್ರಗಳಲ್ಲಿ ಈ ಜಾತಿಯ ಪ್ರಾಣಿಗಳು ಲಕ್ಷಗಟ್ಟಲೆ ಇವೆ. ಸಂರಕ್ಷಣೆಯ ಸದುದ್ದೇಶದಿಂದಲೇ ಅವನ್ನು ಹೊಳೆಗಳಿಗೆ ಬಿಟ್ಟದ್ದೂ ಉಂಟು. ಆದರೆ ಬೇರೆ ಬೇರೆ ಹೊಳೆಗಳ ಪ್ರಭೇದಗಳನ್ನು ಒಂದೆಂದು ಬಗೆದು ಬೆರೆಸಿದರೆ, ಸಂಖ್ಯೆ ಹೆಚ್ಚುತ್ತಿರುವಂತೆಯೇ ಪ್ರಭೇದಗಳು ಇಲ್ಲವಾಗುತ್ತವೆ. ಇದು ದೂರದ ಸಮಸ್ಯೆಯೆಂದು ನಾವು ಸುಮ್ಮನಿರುವಂತಿಲ್ಲ. ನಮ್ಮ ಡಾರ್ಜಿಲಿಂಗಿನ ಸಲಮ್ಯಾಂಡರಿಗೆ ಬಹುಕಾಲದಿಂದ ಇದ್ದದ್ದು ಚೀನಾದ ಯುನ್ನಾನ್ ಪ್ರಾಂತದಿಂದ ವರ್ಣಿಸಿದ ಪ್ರಭೇದದ ಹೆಸರು; 2015ರಲ್ಲಿ ನೇಪಾಳದ ಪ್ರಾಣಿಗಳನ್ನು ಬೇರೆಯ ಪ್ರಭೇದವೆಂದು ಗುರುತಿಸಿದ ಮೇಲೆ ಅದನ್ನೂ ಮರಳಿ ನೋಡಬೇಕಾಯಿತು.

ಹಾಗಾದರೆ ಸಾಕುವವನ ಕರ್ತವ್ಯವೇನು? ಪ್ರಾಣಿ ಎಲ್ಲಿಂದ, ಎಂದು, ಯಾರ ಮೂಲಕ ಬಂದಿತೆಂಬುದನ್ನು ಬರೆದಿಡಬೇಕು. ಗುರುತು ಖಚಿತವಾಗುವವರೆಗೆ ಬೇರೆಡೆಯಿಂದ ಬಂದವುಗಳೊಡನೆ ಕೂಡಿಸಬಾರದು. ಯಾವ ಕಾರಣಕ್ಕೂ ಹೊಳೆಗೆ ಬಿಡಬಾರದು. ವಿದ್ಯಾರ್ಥಿಯೊಬ್ಬನು ಅಳತೆಯನ್ನು ಬರೆದು ಅದರಲ್ಲಿರಬಹುದಾದ ದೋಷದ ಪ್ರಮಾಣವನ್ನು ಬರೆಯದಿದ್ದರೆ ನಾವು ಪೂರ್ಣ ಅಂಕ ಕೊಡುವುದಿಲ್ಲ. ತೊಟ್ಟಿಯ ಮೇಲಿನ ಹೆಸರೂ ಒಂದು ಅಳತೆಯೇ. 'ಬಹುಶಃ' ಎಂಬ ಒಂದು ಮಾತನ್ನು ಅಲ್ಲಿ ಸೇರಿಸಿದ್ದರೆ, ಯಾರಾದರೊಬ್ಬರು ಇನ್ನೊಮ್ಮೆ ನೋಡುವ ಮನಸ್ಸು ಮಾಡುತ್ತಿದ್ದರು.