ಕೊನೆಯ ಹೆಜ್ಜೆಯಲ್ಲಿ ಸೋತವನು

ಜೆ. ಆರ್. ಆರ್. ಟೋಲ್ಕಿನ್ ಅವರ 'ದಿ ಲಾರ್ಡ್ ಆಫ್ ದ ರಿಂಗ್ಸ್' ಕಾದಂಬರಿಯನ್ನು ಕಾಲೇಜು ದಿನಗಳಲ್ಲಿ ಓದಿದವರು ನಿಮ್ಮಲ್ಲಿ ಇರಬಹುದು. 1954-55ರಲ್ಲಿ ಮೂರು ಸಂಪುಟಗಳಾಗಿ ಹೊರಬಂದ ಆ ಅದ್ಭುತ ಕಥೆಯಲ್ಲಿ ಇಪ್ಪತ್ತರ ವಯಸ್ಸಿಗೆ ಹಿಡಿಸುವುದು ಯುದ್ಧ, ಕುದುರೆ ಸವಾರರು, ಮರಳಿ ಬರುವ ಅರಸ. ಮಕ್ಕಳು ಬೆಳೆದು ತಲೆ ನರೆತ ಮೇಲೆ ಅದನ್ನೇ ಮತ್ತೆ ಕೈಗೆತ್ತಿಕೊಳ್ಳಿ. ಪುಟಗಳು ಅವೇ, ಮನಸ್ಸು ತಂಗುವ ಜಾಗ ಬೇರೆ.

ಕಥೆಯ ಎಳೆ ನೆನಪಿದೆಯಲ್ಲವೇ? ತೊಟ್ಟವರ ಮನಸ್ಸನ್ನೇ ಕೆಡಿಸುವ ಉಂಗುರವೊಂದನ್ನು ಬೆಂಕಿಯ ಬೆಟ್ಟದಲ್ಲಿ ಎಸೆದು ನಾಶಮಾಡಲು ಫ್ರೋಡೋ ಎಂಬ ಪುಟ್ಟ ಹಾಬಿಟ್ ಹೊರಡುತ್ತಾನೆ. ತೋಟದ ಕೆಲಸದ ಸ್ಯಾಮ್ ಜೊತೆಗಿರುತ್ತಾನೆ. 'ಫ್ರೋಡೋ ಗೆದ್ದ' ಎಂದೇ ಬಹಳ ಮಂದಿಯ ನೆನಪು. ಪುಸ್ತಕ ಹಾಗೆ ಹೇಳುವುದಿಲ್ಲ. ಬೆಂಕಿಯ ಅಂಚಿನಲ್ಲಿ ನಿಂತು ಅವನು ಉಂಗುರ ತನ್ನದೆಂದು ತೊಟ್ಟುಕೊಳ್ಳುತ್ತಾನೆ. ಅದರ ಆಸೆಯಿಂದಲೇ ಹಾಳಾದ ಗೊಲ್ಲಮ್ ಅವನ ಬೆರಳನ್ನು ಕಚ್ಚಿ ಕಿತ್ತು, ಕಾಲು ಜಾರಿ, ಉಂಗುರದೊಂದಿಗೆ ಬೆಂಕಿಗೆ ಬೀಳುತ್ತಾನೆ.

ಗೊಲ್ಲಮ್ ಅಲ್ಲಿಯವರೆಗೆ ಬದುಕಿದ್ದು ಹೇಗೆ? ಹಿಂದೊಮ್ಮೆ ಕತ್ತಲ ಗುಹೆಯಲ್ಲಿ ಕೊಲ್ಲಬಹುದಾಗಿದ್ದ ಬಿಲ್ಬೋ ಕನಿಕರಪಟ್ಟು ಬಿಟ್ಟ. ಮುಂದೆ ಫ್ರೋಡೋ ಬಿಟ್ಟ. ಕೊನೆಗೆ, ಅವನನ್ನು ಕಂಡರಾಗದ ಸ್ಯಾಮ್ ಕೂಡ ಬಿಟ್ಟ. ಮೊದಲ ಓದಿನಲ್ಲಿ ಇದು ಮೂರ್ಖತನವೆಂದೇ ತೋರುತ್ತದೆ. ಅಂತ್ಯ ಗೊತ್ತಿದ್ದು ಓದುವಾಗ, ಎರಡನೇ ಅಧ್ಯಾಯದಲ್ಲೇ ಹಿರಿಯ ಗ್ಯಾಂಡಾಲ್ಫ್ ಆ ಕನಿಕರವನ್ನು ಎತ್ತಿ ಆಡುವ ಮಾತು ಎದೆಗೆ ತಾಕುತ್ತದೆ.

ಟೋಲ್ಕಿನ್ ಕಥೋಲಿಕರು. 1900ರಲ್ಲಿ ಅವರ ತಾಯಿ ಕಥೋಲಿಕ ಧರ್ಮಸಭೆ ಸೇರಿದ್ದಕ್ಕೆ ಬಂಧುಗಳ ಹಣದ ನೆರವು ನಿಂತಿತು. 1904ರಲ್ಲಿ ಆಕೆ ತೀರಿಕೊಂಡಾಗ ಹುಡುಗನಿಗೆ 12 ವರ್ಷ. ಬರ್ಮಿಂಗ್‌ಹ್ಯಾಮ್ ಒರೆಟರಿಯ ಫಾದರ್ ಫ್ರಾನ್ಸಿಸ್ ಮಾರ್ಗನ್ ಪೋಷಕರಾದರು. ಕಾದಂಬರಿಯಲ್ಲಿ ಚರ್ಚಿಲ್ಲ, ಬಲಿಪೂಜೆಯಿಲ್ಲ. ಆದರೂ ಉಂಗುರ ನಾಶವಾಗುವುದು ಮಾರ್ಚ್ 25ರಂದು, ನಮ್ಮ ಮಂಗಳವಾರ್ತೆಯ ಹಬ್ಬದ ದಿನ! ಫ್ರೋಡೋ ಸೋತನೆಂದು ಪತ್ರಗಳಲ್ಲಿ ಒಪ್ಪಿಕೊಂಡ ಲೇಖಕರು, ಅದನ್ನು ಪರಲೋಕ ಮಂತ್ರದಲ್ಲಿ ಶೋಧನೆಯ ಕುರಿತು ನಾವು ಮಾಡುವ ಬಿನ್ನಹಕ್ಕೆ ಜೋಡಿಸಿದ್ದಾರೆ. ಶಕ್ತಿಯೆಲ್ಲ ಮುಗಿದಲ್ಲಿ ಬಿದ್ದವನದು ನೈತಿಕ ಸೋಲಲ್ಲ ಎಂಬುದು 1963ರ ಪತ್ರವೊಂದರಲ್ಲಿ ಅವರ ನಿಲುವು.

ಈಗ ನಿಮ್ಮ ಮನೆಯತ್ತ ನೋಡಿ. ಐದು ವರ್ಷ ಕುಡಿತ ಬಿಟ್ಟಿದ್ದು, ಮಗಳ ಮದುವೆಯ ವಾರ ಮತ್ತೆ ಕುಡಿದ ತಮ್ಮ. ಹಾಸಿಗೆ ಹಿಡಿದ ಅತ್ತೆಯನ್ನು ಹತ್ತು ವರ್ಷ ನೋಡಿಕೊಂಡು ಕೊನೆಯ ತಿಂಗಳು ಕೈಚೆಲ್ಲಿದ ಸೊಸೆ. ಊರು ಆಡಿಕೊಳ್ಳುವುದು ಯಾವುದನ್ನು? ಅಲ್ಲಿಯವರೆಗೆ ನಡೆದ ದಾರಿ ಯಾರ ಲೆಕ್ಕಕ್ಕೆ?

ಎಳೆಯರು ಅವಸರದಲ್ಲಿ ತಿರುವಿಹಾಕುವ ಕೊನೆಯ ಪುಟಗಳನ್ನೂ ನಿಧಾನವಾಗಿ ಓದಿ. ಊರು ಉಳಿಯಿತು, ಉಳಿಸಿದವನು ವಾಸಿಯಾಗಲಿಲ್ಲ. ಗಾಯವಾದ ತಾರೀಖು ಬಂದಾಗಲೆಲ್ಲ ಫ್ರೋಡೋ ಕಾಯಿಲೆ ಬೀಳುತ್ತಾನೆ; ಸ್ಯಾಮ್‌ನಿಂದಲೂ ಆದಷ್ಟು ಮುಚ್ಚಿಡುತ್ತಾನೆ. 1916ರ ಸೋಮ್ ಕದನದಲ್ಲಿದ್ದು, ಆ ಮಹಾಯುದ್ಧದಲ್ಲಿ ಆಪ್ತ ಗೆಳೆಯರನ್ನು ಕಳೆದುಕೊಂಡವರ ಬರಹವಿದು. ಫ್ರೋಡೋ ಹಡಗು ಹತ್ತಿ ಪಡುವಣಕ್ಕೆ ಹೋಗುತ್ತಾನೆ. ಅವನನ್ನು ಬೀಳ್ಕೊಟ್ಟ ಸ್ಯಾಮ್ ಮಾತಿಲ್ಲದೆ ಮನೆಗೆ ಬರುತ್ತಾನೆ. ಅಲ್ಲಿ ರಾತ್ರಿಯ ಊಟ ಅವನಿಗಾಗಿ ಕಾದಿರುತ್ತದೆ.