ನೂರು ಕಿ.ಮೀ. ತುಂಬಿಸುವ ಹಂಬಲ

ದೀರ್ಘ ಸವಾರಿ ಮುಗಿಸಿ ಮನೆ ತಲುಪಿದಾಗ ಸೈಕಲ್ಲಿನ ಮಾಪಕ 97 ಕಿ.ಮೀ. ತೋರಿಸಿದರೆ, ನೂರು ತುಂಬಿಸಲು ಬಡಾವಣೆಯ ಬೀದಿಗಳನ್ನು ಸುತ್ತಬೇಕೆನಿಸುವುದು ಒಂದು ಗೀಳೇ ಎಂಬುದು ಓದುಗರೊಬ್ಬರ ಪ್ರಶ್ನೆ.

ಇದು ಗೀಳಲ್ಲ, ಸಹಜ ಪ್ರವೃತ್ತಿ. ಗುರಿ ಸಮೀಪಿಸಿದಂತೆ ಪ್ರಯತ್ನ ತೀವ್ರವಾಗುವುದನ್ನು ಅಮೆರಿಕದ ಮನೋವಿಜ್ಞಾನಿ ಕ್ಲಾರ್ಕ್ ಹಲ್ 1932ರಲ್ಲೇ ಇಲಿಗಳ ಓಟದ ಆಧಾರದಲ್ಲಿ ವಿವರಿಸಿದ್ದರು. ಮ್ಯಾರಥಾನ್ ಓಟಗಾರರಲ್ಲೂ ನಾಲ್ಕು ಗಂಟೆ ತುಂಬುವ ತುಸು ಮೊದಲು ಗುರಿ ಮುಟ್ಟುವವರ ಸಂಖ್ಯೆ ಎದ್ದುಕಾಣುವಷ್ಟು ಹೆಚ್ಚಿರುತ್ತದೆ. ಹೀಗೆ ದುಂಡು ಸಂಖ್ಯೆ, ಅಂದರೆ ನೂರು ಕಿ.ಮೀ. ಅಥವಾ ನಾಲ್ಕು ಗಂಟೆಯಂಥ ಪೂರ್ಣ ಅಂಕಿ, ದಣಿದ ಮನಸ್ಸಿಗೆ ಆಸರೆಯಾಗುತ್ತದೆ.

ಆದರೆ ಆ ಸಂಖ್ಯೆ ಅಳತೆಯ ಪದ್ಧತಿಯಿಂದ ಹುಟ್ಟಿದ್ದೇ ಹೊರತು ದೇಹದಿಂದಲ್ಲ: 100 ಕಿ.ಮೀ. ಎಂದರೆ ಸುಮಾರು 62 ಮೈಲಿ, ಇಂಗ್ಲೆಂಡಿನ ಸವಾರರು ಹಂಬಲಿಸುವ ನೂರು ಮೈಲಿ ಎಂದರೆ ಸುಮಾರು 161 ಕಿ.ಮೀ. ಆದ್ದರಿಂದ 97ರ ಸವಾರಿ ದೇಹಕ್ಕೆ ನೀಡಿದ ಕಸುವು ನೂರರದ್ದಕ್ಕಿಂತ ಹೇಳಿಕೊಳ್ಳುವಷ್ಟು ಕಡಿಮೆಯೇನಲ್ಲ. ಬ್ರೆವೆ ಎಂಬ ದೂರಸವಾರಿಗಳಲ್ಲಿ ಮಾತ್ರ ಅಂಕಿಗೆ ನಿಜವಾದ ಅರ್ಥವಿದೆ. ಅಲ್ಲಿ 200 ಕಿ.ಮೀ.ಯನ್ನು ಹದಿಮೂರೂವರೆ ಗಂಟೆಯೊಳಗೆ ಕ್ರಮಿಸಿದವರೆಲ್ಲರೂ ಸಮಾನ ಮಾನ್ಯತೆ ಪಡೆಯುತ್ತಾರೆ.

ನೂರು ಬೇಕೆನಿಸಿದರೆ ಹೊರಡುವ ಮುನ್ನವೇ ದಾರಿಯನ್ನು ಐದು ಕಿ.ಮೀ. ಹಿಗ್ಗಿಸಿಕೊಳ್ಳುವುದು ಉಚಿತ. ತಲೆಸುತ್ತು, ನಡುಕ, ಕೈ ಮರಗಟ್ಟುವಿಕೆ ಕಂಡಾಗ ಅಥವಾ ಕತ್ತಲಾದಾಗ ದೀಪವಿಲ್ಲದಿದ್ದರೆ, ಅಂಕಿ ಎಷ್ಟೇ ಇರಲಿ ನಿಲ್ಲಿಸಬೇಕು. ಅಂಥ ವಿವೇಕವುಳ್ಳ ಸವಾರರಿಗೆ ಮುಂದಿನ ವಾರವೂ ರಸ್ತೆ ತೆರೆದೇ ಇರುತ್ತದೆ.