ಐವತ್ತೇಳಕ್ಕೋ, ಐವತ್ತೆಂಟಕ್ಕೋ?

ನಂಗಲಿಯ ಓದುಗರೊಬ್ಬರು ನರಸಾಪುರದ ಕಾರ್ಖಾನೆಯಲ್ಲಿ ದುಡಿದು ಕೆಲಸ ಬಿಟ್ಟಿದ್ದಾರೆ. ವಯಸ್ಸು 57. ಪಿಎಫ್ ಪಿಂಚಣಿಯನ್ನು ಈಗಲೇ ಕೇಳಬೇಕೇ, ಇನ್ನೊಂದು ವರ್ಷ ಕಾಯಬೇಕೇ ಎಂಬುದು ಅವರ ಪ್ರಶ್ನೆ.

1995ರ ನೌಕರರ ಪಿಂಚಣಿ ಯೋಜನೆಯಲ್ಲಿ ಪೂರ್ಣ ಪಿಂಚಣಿಯ ವಯಸ್ಸು 58. ಕನಿಷ್ಠ 10 ವರ್ಷ ಸೇವೆಯಾಗಿ ಕೆಲಸ ಬಿಟ್ಟವರು 50 ದಾಟಿದ ಮೇಲೆ ಮೊದಲೇ ಪಡೆಯಬಹುದು. ಆದರೆ 58ಕ್ಕೆ ಕಡಿಮೆ ಬೀಳುವ ಪ್ರತಿ ವರ್ಷಕ್ಕೂ ಶೇ 4 ಕಡಿತ. 60ರವರೆಗೆ ಮುಂದೂಡಿದರೆ ವರ್ಷಕ್ಕೆ ಶೇ 4 ಹೆಚ್ಚಳ.

58ಕ್ಕೆ ಅವರಿಗೆ ತಿಂಗಳಿಗೆ 3,000 ರೂಪಾಯಿ ಬರುತ್ತದೆ ಎಂದಿಟ್ಟುಕೊಳ್ಳೋಣ. ಈಗಲೇ ಪಡೆದರೆ 2,880. ಕಾಯುವ ವರ್ಷದಲ್ಲಿ ಕೈಬಿಡುವ ಮೊತ್ತ 34,560 ರೂಪಾಯಿ. ಆಮೇಲೆ ಸಿಗುವ ಲಾಭ ತಿಂಗಳಿಗೆ ಬರೀ 120. ಕಳೆದುಕೊಂಡದ್ದು ಮರಳಿ ಬರಲು 288 ತಿಂಗಳು ಬೇಕು, ಅಂದರೆ 24 ವರ್ಷ. ಅಷ್ಟರಲ್ಲಿ ಅವರಿಗೆ 82 ತುಂಬಿರುತ್ತದೆ. ಈ ಪಿಂಚಣಿಗೆ ತುಟ್ಟಿಭತ್ಯೆಯೂ ಇಲ್ಲ.

ಹಾಗಾಗಿ ಬೇರೆ ಆದಾಯವಿಲ್ಲದೆ, ಸಾಲ ಮಾಡಿ ಮನೆ ನಡೆಸುತ್ತಿದ್ದರೆ ಈಗಲೇ ಅರ್ಜಿ ಹಾಕುವುದೇ ಸರಿ.

ಮತ್ತೆ ಪಿಎಫ್ ಇರುವ ಕೆಲಸ ಸಿಗುವಂತಿದ್ದರೆ ಮಾತು ಬೇರೆ. ಆಗ ಸಂಬಳದ ಜೊತೆಗೆ ಸೇವಾವಧಿಯೂ ಬೆಳೆಯುತ್ತದೆ. ಪಿಂಚಣಿಯ ಲೆಕ್ಕ ನಿಂತಿರುವುದೇ ಸಂಬಳ ಮತ್ತು ಸೇವೆಯ ವರ್ಷಗಳ ಮೇಲೆ.

ಯಾವ ದಾರಿ ಹಿಡಿದರೂ ಮೊದಲು ಆಧಾರ್ ಮತ್ತು ಪಿಎಫ್ ದಾಖಲೆಯಲ್ಲಿ ಹೆಸರು, ಹುಟ್ಟಿದ ದಿನಾಂಕ ಒಂದೇ ಇವೆಯೇ ಎಂದು ನೋಡಿಕೊಳ್ಳಬೇಕು. ನಂತರ ಫಾರಂ 10ಡಿಯಲ್ಲಿ ಪಿಂಚಣಿಗೆ ಅರ್ಜಿ ಹಾಕಬೇಕು. ಪಿಂಚಣಿ ಶುರುವಾದ ಮೇಲೆ ವರ್ಷಕ್ಕೊಮ್ಮೆ ಜೀವಂತ ಪ್ರಮಾಣಪತ್ರ ಸಲ್ಲಿಸಬೇಕು.